ಮಾನ್ಯ ಬಣ್ಣದ ಮಿದುಳಿನವರಿಗೆ

|| ಕ್ಷೇಮ ||

ಪತ್ರಿಕೆಗಳ ಆರೋಗ್ಯ ಪುರವಣಿಯಲ್ಲೂ ಟಿವಿ ಸ್ಟುಡಿಯೋಗಳ ಹಿಂಬದಿ ಪರದೆಯಲ್ಲೂ ವಾಟ್ಸ್‌ಆಪ್ ಬಳಗಗಳಲ್ಲೂ ಸದಾ ಬೆಳಗುತ್ತಿರುವ ಶ್ರೀ ಮಿದುಳಿನ ಬಣ್ಣದ ಚಿತ್ರದವರ ಸನ್ನಿಧಾನಕ್ಕೆ, ತಮ್ಮ ಅಸಂಖ್ಯ ಭಕ್ತರಲ್ಲಿ ಒಬ್ಬ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮ ಸಮಾಚಾರವನ್ನು ಆಗಾಗ ಪೇಪರಿನಲ್ಲಿ ನೋಡುತ್ತಲೇ ಇರುತ್ತೇವೆ.

ತಮ್ಮ ಮಾತಿಗಿರುವ ತೂಕ ಇಲ್ಲಿ ಇನ್ಯಾರ ಮಾತಿಗೂ ಇಲ್ಲ. ಮನೆಯ ಸೊಸೆ ಮೂರು ತಿಂಗಳಿಂದ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಮಗುವನ್ನು ಎತ್ತಿಕೊಳ್ಳಲೂ ಕೈ ಬರುತ್ತಿಲ್ಲ ಎನ್ನುತ್ತಾಳೆ. ಅತ್ತೆ "ಎಲ್ಲಾ ನೆವ" ಎನ್ನುತ್ತಾರೆ. ಗಂಡ "ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೊ" ಎನ್ನುತ್ತಾನೆ. ತವರಿನವರು ಹರಕೆ ಹೊರುತ್ತಾರೆ. ಪಾಪ, ಅವಳ ಬಾಯಿಂದ ಬಂದದ್ದಕ್ಕೆ ಸಾಕ್ಷಿ ಇಲ್ಲವಲ್ಲ! ಅದೇ ಮನೆಗೆ ಒಂದು ಭಾನುವಾರ ತಾವು ಪುರವಣಿಯ ಮೂಲಕ ದಯಮಾಡಿಸುತ್ತೀರಿ. ಎಡಕ್ಕೊಂದು ಬೂದುಬಣ್ಣದ ಮಿದುಳು, ಕೆಳಗೆ 'ಆರೋಗ್ಯವಂತರು' ಎಂಬ ಬರಹ. ಬಲಕ್ಕೆ ಅಂಥದ್ದೇ ಇನ್ನೊಂದು, ನಡುವೆ ನಿಗಿನಿಗಿ ಕೆಂಪು, ಕೆಳಗೆ 'ಖಿನ್ನತೆ'. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡುತ್ತಾರೆ. "ಹಾಗಾದ್ರೆ ಇದು ನಿಜವಾಗ್ಲೂ ಕಾಯಿಲೆ ಕಣೋ" ಎಂದು ಮಗನನ್ನು ಕರೆಯುತ್ತಾರೆ. ಸೊಸೆ ಮೂರು ತಿಂಗಳು ಹೇಳಿ ಆಗದ್ದನ್ನು ತಾವು ಮೂರು ಸೆಕೆಂಡಿನಲ್ಲಿ ಮಾಡಿದಿರಿ.

ಇಷ್ಟು ಪ್ರಭಾವಿಗಳಾದ ತಮ್ಮಲ್ಲಿ ನಮ್ಮದೊಂದು ಚಿಕ್ಕ ಅರ್ಜಿ. ಸ್ಕಿಜೋಫ್ರೀನಿಯಾ ಇರುವವರಿಗೂ ಖಿನ್ನತೆ ಇರುವವರಿಗೂ ತಾವು ತಲೆಗೊಂದರಂತೆ ಪ್ರಮಾಣಪತ್ರ ಕೊಡಬೇಕು. 'ಸದರಿ ವ್ಯಕ್ತಿಯ ಮಿದುಳಿನ ಇಂತಿಂಥ ಭಾಗಗಳ ನಡುವಿನ ಸಂಪರ್ಕ ಇಷ್ಟಿಷ್ಟು ಹೆಚ್ಚುಕಡಿಮೆ ಇದೆ, ಆದ್ದರಿಂದ ಇವರು ಸೋಮಾರಿಯಲ್ಲ, ನಾಟಕ ಆಡುತ್ತಿಲ್ಲ, ಮೈಮೇಲೆ ದೆವ್ವ ಬಂದಿಲ್ಲ' ಎಂದು ಒಂದು ಸಾಲು, ಕೆಳಗೆ ಮೊಹರು. ಕೊಟ್ಟರೆ ಫ್ರೇಮು ಹಾಕಿಸಿ ನಡುಮನೆಯಲ್ಲಿ ತೂಗುಹಾಕುತ್ತೇವೆ.

ಸದ್ಯ ನಮಗೆ ಸಿಗುತ್ತಿರುವುದು ಬೇರೆಯೇ ಕಾಗದ. ಹುಡುಗನೊಬ್ಬ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಕಾಲೇಜು ಬಿಡುತ್ತಾನೆ. ಪಕ್ಕದ ಮನೆಯವರು ಗೋಡೆಯ ಆಚೆಯಿಂದ ತನ್ನ ಬಗ್ಗೆ ಮಾತಾಡುತ್ತಾರೆ ಎನ್ನುತ್ತಾನೆ, ಫ್ಯಾನಿನ ಸದ್ದಿನಲ್ಲಿ ತನ್ನ ಹೆಸರು ಕೇಳುತ್ತದೆ ಎನ್ನುತ್ತಾನೆ. ಅಪ್ಪ ಡಾಕ್ಟರ ಬಳಿ ಕರೆದೊಯ್ಯುತ್ತಾರೆ. ಡಾಕ್ಟರು ಎಂಆರ್‌ಐ ಬರೆದುಕೊಡಬಹುದು. ಗಡ್ಡೆ, ಸೋಂಕು, ಹಳೆಯ ಪೆಟ್ಟು ಇಂಥವು ಏನಾದರೂ ಇದ್ದರೆ ತಪ್ಪಿಹೋಗದಿರಲಿ ಎಂದು. ಹೆಚ್ಚಿನವರಲ್ಲಿ ಅಂಥದ್ದೇನೂ ಸಿಗುವುದಿಲ್ಲ, 'ನಾರ್ಮಲ್' ಎಂದು ರಿಪೋರ್ಟು ಬರುತ್ತದೆ. ಡಾಕ್ಟರಿಗೆ ಅದರ ಅರ್ಥ ಗೊತ್ತು: ಬೇರೆ ರೋಗ ಇಲ್ಲ, ಇನ್ನು ಮನೋರೋಗಕ್ಕೆ ಚಿಕಿತ್ಸೆ ಶುರುಮಾಡೋಣ. ಅಪ್ಪ ಓದುವ ಅರ್ಥವೇ ಬೇರೆ. ದೊಡ್ಡ ಲಕೋಟೆಯನ್ನು ಮಗನ ಮುಂದೆ ಹಿಡಿದು, "ನೋಡು, ಸಾವಿರಗಟ್ಟಲೆ ಸುರಿದು ತೆಗೆಸಿದ್ದೀನಿ, ಎಲ್ಲಾ ನಾರ್ಮಲ್ ಅಂತೆ. ಇನ್ನಾದ್ರೂ ಎದ್ದು ಸ್ನಾನ ಮಾಡು" ಎನ್ನುತ್ತಾರೆ. ರೋಗ ಇದೆ ಎಂದು ಹೇಳಲು ತಾವು ಬೇಕು, ಇಲ್ಲ ಎಂದು ಹೇಳಲೂ ತಾವೇ ಬೇಕು. ನಡುವೆ ಹುಡುಗ ಹೇಳಿದ್ದನ್ನು ಬರೆದುಕೊಂಡವರು ಡಾಕ್ಟರೊಬ್ಬರೇ.

ಆ ಲಕೋಟೆಯಲ್ಲಿ ಬರುವವರು ತಮ್ಮ ದಾಯಾದಿಗಳು ಎಂದು ಬಲ್ಲೆ. ಅವರು ಕಪ್ಪುಬಿಳುಪಿನವರು, ಮಿದುಳಿನ ಆಕಾರ ತೋರಿಸುವವರು. ತಾವು ಸಂಪರ್ಕದ ಚಿತ್ರ, ಯಾವ ಭಾಗ ಯಾವ ಭಾಗದೊಂದಿಗೆ ಒಡನಾಡುತ್ತಿದೆ ಎಂದು ತೋರಿಸುವ ಬಣ್ಣದ ವಂಶ. ಅರ್ಜಿ ಹಾಕುವ ಮುನ್ನ ತಮ್ಮ ವಂಶಾವಳಿಯನ್ನು ಒಮ್ಮೆ ತಿರುವಿ ನೋಡುವುದು ಮರ್ಯಾದೆ ಎನಿಸಿತು.

1990ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಜಪಾನಿನ ಸೇಜಿ ಒಗಾವಾ, ರಕ್ತದಲ್ಲಿ ಆಮ್ಲಜನಕ ಹೆಚ್ಚುಕಡಿಮೆಯಾದರೆ ಎಂಆರ್‌ಐ ಸಂಕೇತವೂ ಬದಲಾಗುತ್ತದೆ ಎಂದು ತೋರಿಸಿದರು. ನರಕೋಶಗಳು ದುಡಿದ ಜಾಗಕ್ಕೆ ಕೆಲವು ಸೆಕೆಂಡು ತಡವಾಗಿ ಹೆಚ್ಚು ರಕ್ತ ಹರಿದುಬರುತ್ತದೆ. ತಾವು ಕಾಣುವುದು ಆ ರಕ್ತವನ್ನು. ಯೋಚನೆಯನ್ನಾಗಲಿ ದುಃಖವನ್ನಾಗಲಿ ತಾವು ಕಣ್ಣಾರೆ ಕಂಡವರಲ್ಲ. 1995ರಲ್ಲಿ ವಿಸ್ಕಾನ್ಸಿನ್ನಿನಲ್ಲಿ ಓದುತ್ತಿದ್ದ ಭಾರತೀಯ ಮೂಲದ ಭರತ್ ಬಿಸ್ವಾಲ್ ಇನ್ನೊಂದು ವಿಚಿತ್ರ ಕಂಡರು. ಯಂತ್ರದೊಳಗೆ ಸುಮ್ಮನೆ ಮಲಗಿದ್ದವರಲ್ಲೂ ಎಡಗೈ ಆಡಿಸುವ ಭಾಗ ಮತ್ತು ಬಲಗೈ ಆಡಿಸುವ ಭಾಗ ಒಟ್ಟೊಟ್ಟಿಗೆ ಏರುತ್ತಿದ್ದವು, ಒಟ್ಟೊಟ್ಟಿಗೆ ಇಳಿಯುತ್ತಿದ್ದವು. ಯಂತ್ರದ ಗದ್ದಲವಿರಬೇಕು, ಉಸಿರಾಟದ ಏರಿಳಿತವಿರಬೇಕು ಎಂದು ಅನುಮಾನಪಟ್ಟವರೂ ಇದ್ದರು. ಈಗ ಅದರ ಮೇಲೆಯೇ ಒಂದು ಇಡೀ ಶಾಸ್ತ್ರ ನಿಂತಿದೆ. 2001ರಲ್ಲಿ ಸೇಂಟ್ ಲೂಯಿಯ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು, ಹೊರಗಿನ ಕೆಲಸ ಕೊಟ್ಟಾಗ ತಣ್ಣಗಾಗಿ, ಕೆಲಸ ಇಲ್ಲದಾಗ ಚುರುಕಾಗುವ ಭಾಗಗಳಿಗೆ 'ಡಿಫಾಲ್ಟ್ ಮೋಡ್' ಎಂದು ಹೆಸರಿಟ್ಟರು. ತನ್ನ ಬಗ್ಗೆ ತಾನೇ ಯೋಚಿಸುವುದು, ಹಿಂದಿನದನ್ನು ಮೆಲುಕುಹಾಕುವುದು, ನಾಳೆಯದನ್ನು ಊಹಿಸುವುದು ಈ ಜಾಲದ ಬಾಬ್ತು. ಹಣೆಯ ಹಿಂದೆ ಎರಡು ಅರೆಗಳು ಕೂಡುವ ನಡುಭಾಗ, ತಲೆಯ ಹಿಂಬದಿಯ ನಡುಭಾಗ, ಕಿವಿಯ ಮೇಲ್ಗಡೆ ಎರಡು ತುಣುಕು, ಇವು ಅದರ ಮುಖ್ಯ ಠಾಣೆಗಳು.

ಇನ್ನು 'ಸಂಪರ್ಕ' ಎಂದರೆ ಏನು? ನಮ್ಮ ಬೀದಿಯಲ್ಲಿ ಎರಡು ಮನೆಗಳಿಗೆ ಒಂದೇ ಹೊತ್ತಿಗೆ ಕರೆಂಟು ಹೋಗುತ್ತದೆ, ಒಂದೇ ಹೊತ್ತಿಗೆ ಬರುತ್ತದೆ. ಆ ಎರಡು ಮನೆಗಳ ನಡುವೆ ತಂತಿ ಎಳೆದಿದೆ ಎಂದು ಅದರಿಂದ ಗೊತ್ತಾಗುವುದಿಲ್ಲ. ಎರಡೂ ಒಂದೇ ಟ್ರಾನ್ಸ್‌ಫಾರ್ಮರಿಗೆ ಸೇರಿರಬಹುದು. ತಮ್ಮ ಕೆಂಪು ಬಣ್ಣ ಹೇಳುವುದೂ ಇಷ್ಟೇ: ಈ ಎರಡು ಜಾಗಗಳ ಏರಿಳಿತ ಹತ್ತು ನಿಮಿಷ ಒಂದಕ್ಕೊಂದು ತಾಳೆಯಾಯಿತು. ನಿಜವಾದ ತಂತಿಗಳನ್ನು ನೋಡಲು ಬೇರೆ ವಿಧಾನ ಇದೆ. ನೀರಿನ ಅಣುಗಳು ನರತಂತುಗಳ ಗುಂಟ ಎತ್ತ ಹೆಚ್ಚು ಚಲಿಸುತ್ತವೆ ಎಂದು ಅಳೆದು ಮಿದುಳಿನ ಬಿಳಿಯ ಭಾಗದ ನಕ್ಷೆ ಬರೆಯುತ್ತಾರೆ. ಪುರವಣಿಯಲ್ಲಿ ಮಾತ್ರ ಎರಡೂ ಒಂದೇ ಹೆಸರಿನಲ್ಲಿ, ಒಂದೇ ಬಣ್ಣದಲ್ಲಿ ಅಚ್ಚಾಗುತ್ತವೆ.

ತಾವು ಹುಟ್ಟುವ ಮೊದಲೇ ಇದನ್ನೆಲ್ಲ ಊಹಿಸಿದವರಿದ್ದರು. ಮಿದುಳಿನ ಭಾಗಗಳ ನಡುವಿನ ಕೂಡಿಕೆ ಸಡಿಲವಾದರೆ ಹುಚ್ಚು ಬರುತ್ತದೆ ಎಂದು ಕಾರ್ಲ್ ವೆರ್ನಿಕೆ 19ನೇ ಶತಮಾನದ ಕೊನೆಯಲ್ಲೇ ವಾದಿಸಿದ್ದರು. ಜ್ಯೂರಿಚ್ಚಿನ ಯೂಜೆನ್ ಬ್ಲಾಯ್ಲರ್ 1908ರಲ್ಲಿ ಸ್ಕಿಜೋಫ್ರೀನಿಯಾ ಎಂಬ ಹೆಸರಿಟ್ಟಾಗ ಅವರ ಕಣ್ಣ ಮುಂದೆ ಯಾವ ಚಿತ್ರವೂ ಇರಲಿಲ್ಲ, ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಮಾತಾಡಿಸಿದ ರೋಗಿಗಳಿದ್ದರು. ಲಂಡನ್ನಿನಲ್ಲಿ ಕಾರ್ಲ್ ಫ್ರಿಸ್ಟನ್ ಮತ್ತು ಕ್ರಿಸ್ ಫ್ರಿತ್ 1995ರಲ್ಲಿ ಅದೇ ವಿಚಾರಕ್ಕೆ ಹೊಸ ಉಡುಪು ತೊಡಿಸಿದರು. ಸ್ಕಿಜೋಫ್ರೀನಿಯಾ ಮಿದುಳಿನ ಯಾವುದೋ ಒಂದು ಮೂಲೆ ಕೆಟ್ಟದ್ದರಿಂದ ಬಂದದ್ದಲ್ಲ, ಮೂಲೆಮೂಲೆಗಳ ನಡುವಿನ ಹೊಂದಾಣಿಕೆ ಕೆಟ್ಟದ್ದರಿಂದ ಬಂದದ್ದಿರಬಹುದೇ ಎಂದು ಕೇಳಿದರು. ತಮ್ಮವರು ಈಚೆಗೆ ಬಿಟ್ಟುಬಿಡುವ ಪ್ರಶ್ನಾರ್ಥಕ ಚಿಹ್ನೆಯನ್ನು ಅವರು ತಲೆಬರಹದಲ್ಲೇ ಹಾಕಿದ್ದರು.

ನನಗೆ ಈ ವಂಶಾವಳಿಯಲ್ಲಿ ಬಹಳ ಹಿಡಿಸಿದ್ದು ಧ್ವನಿಗಳ ವಿವರಣೆ. ನಾವು ಮಾತಾಡುವಾಗ ಮಿದುಳಿನ ಮುಂಭಾಗ ಕಿವಿಯ ಭಾಗಕ್ಕೆ ಮೊದಲೇ ಒಂದು ಸುದ್ದಿ ಕಳುಹಿಸುತ್ತದೆ: 'ಈಗ ಬರುವ ಸದ್ದು ನಮ್ಮದೇ, ಗಾಬರಿಯಾಗಬೇಡ.' ಆದ್ದರಿಂದ ಸ್ವಂತ ಮಾತಿಗೆ ನಮ್ಮ ಕಿವಿಯ ಭಾಗ ಹೆಚ್ಚು ಬೆಚ್ಚುವುದಿಲ್ಲ. ಸ್ಕಿಜೋಫ್ರೀನಿಯಾ ಇರುವವರಲ್ಲಿ ಸ್ವಂತ ಮಾತಿಗೂ ಹೊರಗಿನ ಮಾತಿಗೂ ಈ ವ್ಯತ್ಯಾಸ ಕಡಿಮೆ ಎಂದು ಜೂಡಿತ್ ಫೋರ್ಡ್, ಡೇನಿಯಲ್ ಮೆಥಲಾನ್ ಅವರ ಇಇಜಿ ಅಧ್ಯಯನಗಳು ತೋರಿಸಿವೆ. ಮನದೊಳಗಿನ ಮಾತಿಗೂ ಹೀಗೆಯೇ ಆಗುವುದಾದರೆ, ತನ್ನದೇ ಯೋಚನೆ ಗೋಡೆಯಾಚೆಯಿಂದ ಬಂದಂತೆ ಕೇಳುವುದು ಆಶ್ಚರ್ಯವಲ್ಲ. ಫ್ಯಾನಿನ ಸದ್ದಿನಲ್ಲಿ ಹೆಸರು ಕೇಳಿದ ಹುಡುಗ ಸುಳ್ಳು ಹೇಳಿರಲಿಲ್ಲ, ನಿಜವಾಗಿಯೇ ಕೇಳಿತ್ತು. ಇದು ಇನ್ನೂ ಊಹೆಯೇ. ಆದರೆ ಆ ಅಪ್ಪನಿಗೆ ಬಣ್ಣದ ಮಚ್ಚೆ ತೋರಿಸುವುದಕ್ಕಿಂತ ಇದನ್ನು ಹೇಳುವುದು ಮೇಲು.

ಇನ್ನು ತಮ್ಮ ಹೇಳಿಕೆಗಳನ್ನು ಪರಿಶೀಲಿಸೋಣ. ಸ್ಕಿಜೋಫ್ರೀನಿಯಾದ ಬಗ್ಗೆ ತಾವು ಒಂದು ವಿಷಯದಲ್ಲಿ ಮೆಚ್ಚುವಷ್ಟು ಗಟ್ಟಿಯಾಗಿ ನಿಂತಿದ್ದೀರಿ. ಮಿದುಳಿನ ನಡುವಿರುವ ಥಲಾಮಸ್ ಮತ್ತು ಹಣೆಯ ಹಿಂದಿನ ಭಾಗದ ನಡುವೆ ಸಂಪರ್ಕ ಕಡಿಮೆ, ಥಲಾಮಸ್ ಮತ್ತು ಸ್ಪರ್ಶ, ಚಲನೆಗಳ ಭಾಗದ ನಡುವೆ ಹೆಚ್ಚು. ಹಲವು ತಂಡಗಳು, ಹಲವು ಊರುಗಳಲ್ಲಿ ಇದನ್ನು ಕಂಡಿವೆ. ಇಷ್ಟಕ್ಕೆ ತಮಗೆ ಒಂದು ಶಾಲು ಹೊದಿಸಬಹುದು.

ಡಿಫಾಲ್ಟ್ ಮೋಡ್ ವಿಚಾರದಲ್ಲಿ ಶಾಲು ವಾಪಸು ಕೇಳುವ ಹಾಗಾಗಿದೆ. 2007ರಲ್ಲಿ ಸ್ಟ್ಯಾನ್‌ಫರ್ಡ್‌ನ ಮೈಕಲ್ ಗ್ರೇಷಿಯಸ್ ಅವರ ತಂಡದ ಮುಂದೆ ತಾವು, ಖಿನ್ನತೆ ಇರುವವರಲ್ಲಿ ಈ ಜಾಲ ಅತಿಯಾಗಿ ಬಿಗಿದುಕೊಂಡಿದೆ ಎಂದು ಸಾಕ್ಷಿ ಹೇಳಿದಿರಿ. ಖಿನ್ನತೆಯವರು 28, ಆರೋಗ್ಯವಂತರು 20. ಒಳ್ಳೆಯ ಕಥೆ. ಹಳೆಯ ನೋವನ್ನೇ ತಿರುತಿರುಗಿ ಮೆಲುಕುಹಾಕುವವರ ಮೆಲುಕಿನ ಜಾಲ ಬಿಡದೆ ಉರಿಯುತ್ತಿದೆ, ಯಾರಿಗೆ ಬೇಕಾದರೂ ಅರ್ಥವಾಗುತ್ತದೆ. 2009ರಲ್ಲಿ ಎಂಐಟಿಯ ಸೂಸನ್ ವಿಟ್‌ಫೀಲ್ಡ್-ಗೇಬ್ರಿಯೆಲಿ ಅವರ ತಂಡದ ಮುಂದೆ, ಅದೇ ಜಾಲ ಸ್ಕಿಜೋಫ್ರೀನಿಯಾ ಇರುವವರಲ್ಲೂ ಅತಿಯಾಗಿ ಬಿಗಿದಿದೆ, ಅವರ ಒಡಹುಟ್ಟಿದವರಂಥ ಹತ್ತಿರದ ಬಂಧುಗಳಲ್ಲೂ ಸ್ವಲ್ಪ ಬಿಗಿದಿದೆ ಎಂದಿರಿ. ಗುಂಪಿಗೆ 13 ಜನ. ಇದೂ ಒಳ್ಳೆಯ ಕಥೆ, ಒಳಲೋಕ ಹೊರಲೋಕಗಳ ಗಡಿ ಅಳಿಸಿಹೋದವರ ಒಳಲೋಕದ ಜಾಲ ಆರುವುದೇ ಇಲ್ಲ. ಆದರೆ ಸ್ವಾಮಿ, ಎರಡು ಬೇರೆ ಕಾಯಿಲೆಗಳಿಗೆ ಒಂದೇ ಮೊಹರು ಒತ್ತಿದರೆ ಯಾವ ಅರ್ಜಿದಾರ ಯಾರೆಂದು ಗುಮಾಸ್ತ ಹೇಗೆ ಕಂಡುಹಿಡಿಯಬೇಕು?

2015ರಲ್ಲಿ ರೋಸೆಲಿಂಡ್ ಕೈಸರ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಸುಮಾರು ಇಪ್ಪತ್ತೈದು ಅಧ್ಯಯನಗಳನ್ನು ಒಟ್ಟುಹಾಕಿ, ಖಿನ್ನತೆಯಲ್ಲಿ ಡಿಫಾಲ್ಟ್ ಮೋಡ್ ಒಳಗಿನ ಸಂಪರ್ಕ ಹೆಚ್ಚು, ಗಮನವನ್ನು ನಿಯಂತ್ರಿಸುವ ಜಾಲದೊಳಗೆ ಕಡಿಮೆ ಎಂದು ತೀರ್ಪು ಕೊಟ್ಟರು. ಕೇಸು ಮುಗಿಯಿತು ಎಂದುಕೊಂಡೆವು. 2019ರಲ್ಲಿ ಚೀನಾದ 25 ಸಂಶೋಧನಾ ತಂಡಗಳು ತಮ್ಮ ತಮ್ಮ ಕಡತಗಳನ್ನು ಒಂದೆಡೆ ಸುರಿದವು. ಖಿನ್ನತೆ ಇರುವವರು 1,300, ಇಲ್ಲದವರು 1,128. ಆಗ ತಾವು ಮಾತು ಬದಲಿಸಿದಿರಿ. ಡಿಫಾಲ್ಟ್ ಮೋಡ್ ಒಳಗಿನ ಸಂಪರ್ಕ ಕಡಿಮೆ ಎಂದಿರಿ. ಅದೂ ಮತ್ತೆ ಮತ್ತೆ ಖಿನ್ನತೆಗೆ ಬಿದ್ದವರಲ್ಲಿ ಮಾತ್ರ. ಮೊದಲ ಸಲ ಕಾಯಿಲೆ ಬಂದು, ಇನ್ನೂ ಒಂದು ಮಾತ್ರೆಯನ್ನೂ ನುಂಗದವರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಕಡಿಮೆಯಾದದ್ದಕ್ಕೂ ಔಷಧಿ ತೆಗೆದುಕೊಳ್ಳುವುದಕ್ಕೂ ನಂಟಿತ್ತು, ಎಷ್ಟು ವರ್ಷದಿಂದ ಕಾಯಿಲೆ ಎಂಬುದಕ್ಕೆ ಇರಲಿಲ್ಲ. ಅಂದರೆ ತಾವು ಇಷ್ಟು ದಿನ ತೋರಿಸುತ್ತಿದ್ದದ್ದು ಕಾಯಿಲೆಯ ಮುಖವೋ, ಔಷಧಿಯ ಮುಖವೋ? ಕೋರ್ಟಿನಲ್ಲಿ ಹೀಗೆ ಹೇಳಿಕೆ ತಿರುಗಿಸಿದ ಸಾಕ್ಷಿಯನ್ನು ಪ್ರತಿಕೂಲ ಸಾಕ್ಷಿ ಎಂದು ಘೋಷಿಸುತ್ತಾರೆ. ತಮ್ಮನ್ನು ಮುಂದಿನ ಭಾನುವಾರದ ಪುರವಣಿಗೆ ಮತ್ತೆ ಕರೆದರು.

ತಲೆ ಅಲುಗಾಡುವ ವಿಷಯ ಎತ್ತಲು ಸಂಕೋಚವಾಗುತ್ತದೆ. 2012ರಲ್ಲಿ ಜೊನಾಥನ್ ಪವರ್ ಮತ್ತಿತರರು, ಯಂತ್ರದೊಳಗೆ ಮಲಗಿದವರು ಒಂದು ಮಿಲಿಮೀಟರಿಗಿಂತ ಕಡಿಮೆ ಅಲುಗಿದರೂ ದೂರದ ಭಾಗಗಳ ಸಂಪರ್ಕ ಕಡಿಮೆಯಾದಂತೆಯೂ ಹತ್ತಿರದ್ದು ಹೆಚ್ಚಾದಂತೆಯೂ ತೋರುತ್ತದೆ ಎಂದು ತೋರಿಸಿದರು. ಈಗ ಯೋಚಿಸಿ. ಕಿರಿದಾದ ಸುರಂಗ, ಕಿವಿಗಡಚಿಕ್ಕುವ ಟಕಟಕ ಸದ್ದು, ಒಳಗೆ ಮಲಗಿರುವವನಿಗೆ ಯಾರೋ ತನ್ನ ಬಗ್ಗೆ ಸಂಚು ಹೂಡುತ್ತಿದ್ದಾರೆ ಎಂಬ ಭಯ. ಅವನು ಹೆಚ್ಚು ಮಿಸುಕುತ್ತಾನೋ, ಐನೂರು ರೂಪಾಯಿ ಭತ್ಯೆಗೆ ಬಂದು ಮಲಗಿದ ಕಾಲೇಜು ವಿದ್ಯಾರ್ಥಿಯೋ? ಈಗಿನ ಸಂಶೋಧಕರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡು ಕಳೆಯಲು ಪ್ರಯತ್ನಿಸುತ್ತಾರೆ. ಅದಕ್ಕೆ ಮೊದಲು ಬಂದ ಸಂಶೋಧನಾ ಪ್ರಬಂಧಗಳಲ್ಲಿ ಎಷ್ಟು ಕಾಯಿಲೆ, ಎಷ್ಟು ಕುತ್ತಿಗೆ ಎಂದು ಯಾರು ಬೇರ್ಪಡಿಸಬೇಕು?

ಇಲ್ಲಿ ಒಂದು ಮೀನಿನ ಸಮಾಚಾರ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಗೆಳೆಯರು ಸತ್ತ ಸಾಮನ್ ಮೀನೊಂದನ್ನು ಯಂತ್ರದಲ್ಲಿ ಮಲಗಿಸಿ, ಮನುಷ್ಯರ ಫೋಟೋಗಳನ್ನು ತೋರಿಸಿ, ಇವರ ಮನಸ್ಸಿನಲ್ಲಿ ಏನಿದೆ ಹೇಳು ಎಂದು ಶಾಸ್ತ್ರೋಕ್ತವಾಗಿ ಕೇಳಿದರು. ಸಾವಿರಾರು ಬಿಂದುಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಮಾಡಬೇಕಾದ ತಿದ್ದುಪಡಿ ಮಾಡದೆ ಲೆಕ್ಕ ಹಾಕಿದರೆ ಮೀನಿನ ಮಿದುಳಿನಲ್ಲೂ ಕೆಂಪು ಚುಕ್ಕೆ ಹೊಳೆಯಿತು. ತಿದ್ದುಪಡಿ ಮಾಡಿದೊಡನೆ ಮೀನು ಮತ್ತೆ ಸತ್ತಿತು. 2012ರಲ್ಲಿ ಅವರಿಗೆ ತಮಾಷೆಯ ಸಂಶೋಧನೆಗೆ ಕೊಡುವ ಇಗ್‌ನೊಬೆಲ್ ಬಂತು. ಸ್ವೀಡನ್ನಿನ ಆಂಡರ್ಸ್ ಎಕ್ಲುಂಡ್ ಮತ್ತು ಜೊತೆಗಾರರು 2016ರಲ್ಲಿ, ಎಲ್ಲರೂ ಬಳಸುವ ಜನಪ್ರಿಯ ಸಾಫ್ಟ್‌ವೇರುಗಳ ಕೆಲವು ಲೆಕ್ಕಾಚಾರಗಳಲ್ಲಿ ಶೇ. 5 ಇರಬೇಕಾದ ಸುಳ್ಳು ಫಲಿತಾಂಶ ಶೇ. 70ರವರೆಗೂ ಹೋಗಬಹುದು ಎಂದು ತೋರಿಸಿದರು. ಇವೆಲ್ಲ ತಮ್ಮ ಶತ್ರುಗಳು ಮಾಡಿದ್ದಲ್ಲ ಎಂಬುದನ್ನು ಹೇಳಲೇಬೇಕು. ತಮ್ಮ ಮನೆಯವರೇ ಕಸಬರಿಗೆ ಹಿಡಿದು ಗುಡಿಸಿದ್ದು. ಗುಡಿಸಿದ ಸುದ್ದಿ ಮಾತ್ರ ಪುರವಣಿಗೆ ತಲುಪಲಿಲ್ಲ.

ಹಾಗಾದರೆ ವ್ಯತ್ಯಾಸವೇ ಇಲ್ಲವೇ? ಇದೆ. ಅದರಲ್ಲಿ ನನಗೆ ಅನುಮಾನವಿಲ್ಲ. ಸ್ಕಿಜೋಫ್ರೀನಿಯಾ ಇರುವ ಸುಮಾರು 2,000 ಜನರ ಬಿಳಿಯ ಭಾಗವನ್ನು ಇಲ್ಲದವರ ಜೊತೆ ಹೋಲಿಸಿದ ಎನಿಗ್ಮಾ ಎಂಬ ಸಂಶೋಧಕರ ಒಕ್ಕೂಟದ 2018ರ ಅಧ್ಯಯನದಲ್ಲಿ ಮಿದುಳಿನ ಉದ್ದಗಲಕ್ಕೂ ವ್ಯತ್ಯಾಸ ಕಂಡಿತು. ಎರಡು ಅರೆಗಳನ್ನು ಬೆಸೆಯುವ ಕಾರ್ಪಸ್ ಕೆಲೋಸಮ್‌ನಲ್ಲಿ ಅದರ ಪ್ರಮಾಣ, ಸಂಖ್ಯಾಶಾಸ್ತ್ರದ ಅಳತೆಯಲ್ಲಿ, ಸುಮಾರು 0.4. ಖಿನ್ನತೆಯಲ್ಲಿ ಅದೇ ಒಕ್ಕೂಟ ಕಂಡದ್ದು ಇನ್ನೂ ಚಿಕ್ಕದು, 0.26ರ ಒಳಗೇ. 0.4 ಎಂದರೆ ಏನು ಗೊತ್ತೇ? ಎರಡೂ ಗುಂಪಿನವರ ಅಳತೆಗಳನ್ನು ಎರಡು ರಾಶಿಗಳಾಗಿ ಬಿಡಿಸಿದರೆ ನೂರರಲ್ಲಿ 84 ಪಾಲು ಒಂದರ ಮೇಲೊಂದು ಬೀಳುತ್ತವೆ. 0.26ಕ್ಕೆ ಸುಮಾರು 90 ಪಾಲು. ಇವನ ಒಂದು ಅಳತೆ ಕೈಗೆ ಕೊಟ್ಟು ಇವನು ಯಾವ ರಾಶಿಯವನು ಹೇಳಿ ಎಂದರೆ, ತಾವು ನಾಣ್ಯ ಚಿಮ್ಮಿದ್ದಕ್ಕಿಂತ ತುಸು ಮೇಲು. ಆರೋಗ್ಯವಂತರ ರಾಶಿಯಲ್ಲಿ ತಮ್ಮ ಪ್ರಕಾರ 'ಸಂಪರ್ಕ ಕಳೆದುಕೊಂಡವರು' ಬೇಕಾದಷ್ಟು ಜನ ಇದ್ದಾರೆ. ಅವರು ಬ್ಯಾಂಕಿಗೆ ಹೋಗುತ್ತಾರೆ, ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಾರೆ, ಬಹುಶಃ ಈ ಪತ್ರವನ್ನೂ ಓದುತ್ತಿದ್ದಾರೆ.

ನಮ್ಮ ಅರ್ಜಿ ಬಿದ್ದುಹೋಗುವುದು ಇಲ್ಲಿಯೇ. ತಾವು ಕಂಡದ್ದು ಗುಂಪನ್ನು, ನಾವು ಕೇಳುತ್ತಿರುವುದು ಒಬ್ಬನ ಕುರಿತು. ಅಮೆರಿಕದ ಮನೋವೈದ್ಯರ ಸಂಘ ತಜ್ಞರಿಂದ ಬರೆಸಿದ ವರದಿ 2018ರಲ್ಲಿ ಇದನ್ನೇ ಹೇಳಿತು: ಯಾವ ಮನೋರೋಗವನ್ನೂ ಒಬ್ಬ ವ್ಯಕ್ತಿಯಲ್ಲಿ ಗುರುತಿಸುವಷ್ಟು ಈ ಚಿತ್ರಗಳು ಇನ್ನೂ ಬಲಿತಿಲ್ಲ. 2017ರಲ್ಲಿ ಒಂದು ತಂಡ ಸಂಪರ್ಕದ ಆಧಾರದ ಮೇಲೆ ಖಿನ್ನತೆಯಲ್ಲಿ ನಾಲ್ಕು ಜಾತಿಗಳಿವೆ ಎಂದು ಪ್ರಕಟಿಸಿದಾಗ ಎಲ್ಲೆಲ್ಲೂ ಸಂಭ್ರಮ. ಎರಡು ವರ್ಷದ ಬಳಿಕ ರಿಚರ್ಡ್ ಡಿಂಗಾ ಮತ್ತು ಸಂಗಡಿಗರು ಅದೇ ವಿಧಾನವನ್ನು ಬೇರೆ ರೋಗಿಗಳ ಮೇಲೆ ಪ್ರಯೋಗಿಸಿದರು, ಆ ನಾಲ್ಕು ಜಾತಿಗಳು ನೆಚ್ಚುವ ಹಾಗೆ ನಿಲ್ಲಲಿಲ್ಲ. ಜಾತಿ ವಿಂಗಡಣೆ ಒಂದು ಸಲ ಅಚ್ಚಾದರೆ ಅಳಿಸುವುದು ಕಷ್ಟ ಎಂಬುದು ನಮ್ಮ ದೇಶದವರಿಗೆ ಹೊಸ ಪಾಠವಲ್ಲ.

ತಮ್ಮಿಂದ ಉಪಕಾರವೇ ಆಗಿಲ್ಲ ಎಂದರೆ ನಾಲಿಗೆ ಸೀಳಿಹೋದೀತು. ಮಿದುಳಿನ ಮುಂಭಾಗದ ಅಡಿಯ 25ನೇ ಪ್ರದೇಶ ತೀವ್ರ ಖಿನ್ನತೆಯಲ್ಲಿ ಅತಿಯಾಗಿ ದುಡಿಯುತ್ತದೆ ಎಂದು ಚಿತ್ರಗಳಲ್ಲಿ ಕಂಡ ಹೆಲೆನ್ ಮೇಬರ್ಗ್ ಮತ್ತು ಸಂಗಡಿಗರು, ಟೊರಾಂಟೊದಲ್ಲಿ ಯಾವ ಚಿಕಿತ್ಸೆಗೂ ಬಗ್ಗದ ಆರು ಜನರ ತಲೆಯೊಳಗೆ ಅಲ್ಲಿಗೇ ವಿದ್ಯುತ್ ತಂತಿ ಇಳಿಸಿ, ಫಲಿತಾಂಶವನ್ನು 2005ರಲ್ಲಿ ಪ್ರಕಟಿಸಿದರು. ನಾಲ್ವರು ಚೇತರಿಸಿಕೊಂಡರು. ಮುಂದೆ 90 ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಆರು ತಿಂಗಳಿಗೆ ನಿಜವಾದ ಕರೆಂಟಿಗೂ ಹುಸಿ ಕರೆಂಟಿಗೂ ವ್ಯತ್ಯಾಸ ಸಿಗಲಿಲ್ಲ. ದೀರ್ಘಕಾಲ ಮುಂದುವರಿಸಿದವರಲ್ಲಿ ಹಲವರು ಸುಧಾರಿಸಿದ್ದೂ ನಿಜ. ಸ್ಟ್ಯಾನ್‌ಫರ್ಡ್‌ನವರು ರೋಗಿಯ ಸ್ವಂತ ಸಂಪರ್ಕ ಚಿತ್ರ ನೋಡಿ, ಹಣೆಯ ಎಡಭಾಗದಲ್ಲಿ ಅಯಸ್ಕಾಂತ ಚಿಕಿತ್ಸೆಗೆ ಜಾಗ ಗುರುತಿಸುತ್ತಾರೆ. 2022ರಲ್ಲಿ ಅದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆಯೂ ಸಿಕ್ಕಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಿಡದೆ ಧ್ವನಿ ಕೇಳುವವರಿಗೆ ನೆತ್ತಿಯ ಮೇಲಿಂದ ಅತಿಸಣ್ಣ ಕರೆಂಟು ಹರಿಸುವ ಸಂಶೋಧನೆ ವರ್ಷಗಳಿಂದ ನಡೆದಿದೆ. ತಾವು ದಾರಿ ತೋರಿಸುವ ಕೂಲಿಯಾಳಾಗಿ ದುಡಿದಾಗ ಚೆನ್ನಾಗಿಯೇ ದುಡಿಯುತ್ತೀರಿ. ತೊಂದರೆ ಬರುವುದು ತಮ್ಮನ್ನು ನ್ಯಾಯಾಧೀಶರ ಪೀಠದಲ್ಲಿ ಕೂರಿಸಿದಾಗ.

ಆ ಪೀಠದ ಆಸೆ ನಮ್ಮಲ್ಲಿ ಹಳೆಯದು. 'ಬ್ರೈನ್ ಮ್ಯಾಪಿಂಗ್' ಎಂಬ ಪದ ಕರ್ನಾಟಕದ ಮನೆಮನೆಗೆ ಬಂದದ್ದು ಆಸ್ಪತ್ರೆಯಿಂದಲ್ಲ, ಪೊಲೀಸ್ ಸುದ್ದಿಯಿಂದ. ಆರೋಪಿ ಬಾಯಿ ಬಿಡದಿದ್ದರೆ ಮಿದುಳೇ ಬಾಯಿ ಬಿಡಲಿ ಎಂಬ ಹಂಬಲ. ಕೊನೆಗೆ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ 2010ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ಮಾಡಕೂಡದು ಎಂದಿತು. ಆರೋಪಿಗೆ ಸಿಕ್ಕ ಈ ರಕ್ಷಣೆ ಮನೆಯ ಸೊಸೆಗೆ ಸಿಕ್ಕಿಲ್ಲ. ಅವಳು ಬಾಯಿ ಬಿಟ್ಟು ಹೇಳುತ್ತಲೇ ಇದ್ದಾಳೆ, ನಾವು ಅವಳ ಮಿದುಳನ್ನು ಕೇಳುತ್ತಿದ್ದೇವೆ.

ತಾವು ಬಂದರೆ ಕಳಂಕ ಹೋಗುತ್ತದೆ ಎಂಬ ಭರವಸೆಯೂ ಇತ್ತು. ಮಿದುಳಿನ ಕಾಯಿಲೆ ಎಂದು ತಿಳಿದರೆ ಜನ ದೂರುವುದಿಲ್ಲ, ದೂರ ಇಡುವುದೂ ಇಲ್ಲ ಎಂದುಕೊಂಡೆವು. ಬರ್ನಿಸ್ ಪೆಸ್ಕೊಸೊಲಿಡೊ ಮತ್ತು ಸಂಗಡಿಗರು ಅಮೆರಿಕನ್ನರ ಅಭಿಪ್ರಾಯವನ್ನು 1996ರಲ್ಲೂ 2006ರಲ್ಲೂ ಕೇಳಿ ಹೋಲಿಸಿದರು. ಸ್ಕಿಜೋಫ್ರೀನಿಯಾ, ಖಿನ್ನತೆ ಮಿದುಳಿನ ಕಾಯಿಲೆಗಳೇ ಎಂದು ಒಪ್ಪುವವರು ಹೆಚ್ಚಾಗಿದ್ದರು, ಚಿಕಿತ್ಸೆ ಬೇಕು ಎನ್ನುವವರೂ ಹೆಚ್ಚಾಗಿದ್ದರು. ಅಂಥವರ ಪಕ್ಕದ ಮನೆಯಲ್ಲಿ ಇರಲು, ಅವರ ಜೊತೆ ಕೆಲಸ ಮಾಡಲು ಒಪ್ಪುವವರು ಹೆಚ್ಚಾಗಿರಲಿಲ್ಲ. ಇನ್ನೂ ಒಂದು ತಮಾಷೆ ಇದೆ. ಲೇಖನದ ಜೊತೆ ತಮ್ಮ ಚಿತ್ರವಿದ್ದರೆ ಓದುಗರು ಹೆಚ್ಚು ನಂಬುತ್ತಾರೆ ಎಂದು 2008ರಲ್ಲಿ ಒಂದು ಪ್ರಸಿದ್ಧ ಪ್ರಯೋಗ ಹೇಳಿತ್ತು. 2013ರಲ್ಲಿ ಸುಮಾರು 2,000 ಜನರ ಮೇಲೆ ಅದನ್ನೇ ಮತ್ತೆ ಮಾಡಿ ನೋಡಿದರೆ ಆ ಮೋಡಿ ಇಲ್ಲವೆನ್ನುವಷ್ಟು ಕಡಿಮೆ. ಪುರವಣಿ ನೋಡಿ ಕರಗಿದ ಆ ಅತ್ತೆಯವರೂ ಸೋಮವಾರಕ್ಕೆ ಹಳೆಯ ಧಾಟಿಗೆ ಬಂದಿರಬಹುದು.

ತಮ್ಮ ನೆರವಿಲ್ಲದೆ ನಡೆದ ಒಂದು ಕೆಲಸವನ್ನು ತಮ್ಮ ಗಮನಕ್ಕೆ ತರಬೇಕು. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವ ತರಬೇತಿ ಕೊಟ್ಟರು, ಕೆಲವೇ ಬಗೆಯ ಮಾತ್ರೆಗಳು ಅಲ್ಲಿಯೇ ಸಿಗುವಂತೆ ಮಾಡಿದರು. ನಿದ್ದೆ ಬರುತ್ತದಾ, ಯಾರೂ ಇಲ್ಲದಾಗ ಮಾತು ಕೇಳುತ್ತದಾ, ಬದುಕು ಬೇಡ ಅನ್ನಿಸುತ್ತದಾ ಎಂದು ಊರಿನ ಮಾತಿನಲ್ಲಿ ಕೇಳುವುದು, ಹೇಳಿದ್ದನ್ನು ನಂಬುವುದು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಸ್ಕಿಜೋಫ್ರೀನಿಯಾದ ಮಾತ್ರೆ ಸರಿಯಾಗಿ ಸಿಕ್ಕವನಿಗೆ ತನ್ನ ಥಲಾಮಸ್ ಯಾರ ಜೊತೆ ಮುನಿಸಿಕೊಂಡಿದೆ ಎಂದು ತಿಳಿಯದೆಯೂ ಧ್ವನಿಗಳು ತಗ್ಗಿದವು. 2015–16ರಲ್ಲಿ ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಹತ್ತರಲ್ಲಿ ಒಬ್ಬರಿಗೆ ಏನಾದರೊಂದು ಮಾನಸಿಕ ತೊಂದರೆ ಕಂಡುಬಂತು, ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅವರಿಗೆಲ್ಲ ಸದ್ಯಕ್ಕೆ ಬೇಕಾದದ್ದು ಬಣ್ಣವಲ್ಲ, ತಾಲ್ಲೂಕು ಆಸ್ಪತ್ರೆಯಲ್ಲಿ ಖಾಲಿ ಇರದ ಒಂದು ಡಾಕ್ಟರ ಕುರ್ಚಿ ಮತ್ತು ಮುಗಿದುಹೋಗದ ಮಾತ್ರೆ.

ಆದ್ದರಿಂದ ಪ್ರಮಾಣಪತ್ರದ ಅರ್ಜಿಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಬದಲಿಗೆ ಇನ್ನೊಂದು ಕೋರಿಕೆ. ಮುಂದಿನ ಭಾನುವಾರ ದರ್ಶನ ಕೊಡುವಾಗ ಪಾದದ ಬಳಿ ಸಣ್ಣ ಅಕ್ಷರದಲ್ಲಾದರೂ ಇಷ್ಟು ಬರೆಸಿಕೊಂಡು ಬನ್ನಿ: ಒಟ್ಟು ಎಷ್ಟು ಜನ, ಅದರಲ್ಲಿ ಔಷಧಿ ತೆಗೆದುಕೊಳ್ಳುತ್ತಿದ್ದವರು ಎಷ್ಟು, ಎರಡು ರಾಶಿಗಳು ಎಷ್ಟು ಪಾಲು ಒಂದರ ಮೇಲೊಂದು ಬಿದ್ದಿವೆ, ಬೇರೆ ಊರಿನಲ್ಲಿ ಯಾರಾದರೂ ಇದನ್ನೇ ಮತ್ತೆ ಕಂಡಿದ್ದಾರೆಯೇ. ಕೆಂಪು ಬಣ್ಣ ಸ್ವಲ್ಪ ಕಡಿಮೆಯಾದರೂ ಬೇಸರವಿಲ್ಲ.

ಈ ಪತ್ರಕ್ಕೆ ತಾವು ಉತ್ತರ ಬರೆಯಬಹುದು. 2022ರಲ್ಲಿ ಸ್ಕಾಟ್ ಮಾರೆಕ್ ಮತ್ತು ಸಂಗಡಿಗರು ಸುಮಾರು 50,000 ಜನರ ಚಿತ್ರಗಳನ್ನು ಜಾಲಾಡಿ, ಮಿದುಳಿನ ಚಿತ್ರಕ್ಕೂ ಜನರ ಬುದ್ಧಿ, ಮಾನಸಿಕ ಲಕ್ಷಣಗಳಿಗೂ ನಂಟು ಹೇಳಬೇಕಾದರೆ ಹತ್ತಿಪ್ಪತ್ತು ಜನ ಸಾಲದು, ಸಾವಿರಗಟ್ಟಲೆ ಬೇಕು ಎಂದು ಲೆಕ್ಕ ಹಾಕಿ ತೋರಿಸಿದ್ದಾರೆ. ಆದಕಾರಣ ತಮ್ಮ ಉತ್ತರಕ್ಕೆ ಕನಿಷ್ಠ ಎರಡು ಸಾವಿರ ಜನರ ಸಹಿ ಹಾಕಿಸಿ ಕಳುಹಿಸುವುದು. ಒಂಟಿ ಸಹಿಯ ಉತ್ತರಗಳನ್ನು ಸ್ವೀಕರಿಸಲಾಗುವುದಿಲ್ಲ.

ಇಂತಿ ತಮ್ಮ ವಿಧೇಯ,
ನಾರ್ಮಲ್ ರಿಪೋರ್ಟಿನ ಒಬ್ಬ ಓದುಗ